ಗುರುವಾರದ ಟರ್ಕಿ, ಶುಕ್ರವಾರದ ಸಾರು

ರೋಚೆಸ್ಟರ್, ಮಿನ್ನೆಸೋಟ
30 ನವೆಂಬರ್ 2025, ಭಾನುವಾರ

ಪ್ರೀತಿಯ ಅವ್ವನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ? ಗುರುವಾರ, ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ವಿಡಿಯೋದಲ್ಲಿ ನೀನು "ಅದೇನ್ಲಾ ಅದು, ಕೋಳಿನೋ ಕುರಿಮರಿನೋ?" ಅಂತ ಕೇಳಿದೆ. ಆಗ ನನ್ನ ಎರಡೂ ಕೈಗೆ ಬೆಣ್ಣೆ ಮೆತ್ತಿತ್ತು, ಫೋನು ಜಾರಿ ಸಿಂಕಿಗೆ ಬೀಳುವ ಹಾಗಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ತಂಗಿ ಅರ್ಧ ಬಿಟ್ಟು ಓದುತ್ತಾಳೆ, ಪೂರ್ತಿ ಓದಿಸಿಕೋ.

ಅದು ಕೋಳಿಯೇ, ಅವ್ವ. ಟರ್ಕಿ ಕೋಳಿ. ನಾನು ತಂದದ್ದು 14 ಪೌಂಡಿನದು, ಅಂದರೆ ಆರೂಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ. ಇಲ್ಲಿ ಅದು ಸಣ್ಣದೇ. ನಾವಿರುವ ಮಿನ್ನೆಸೋಟದಲ್ಲಿ ಸಾಕುವಷ್ಟು ಟರ್ಕಿಯನ್ನು ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಸಾಕುವುದಿಲ್ಲ. ಇಲ್ಲಿದ್ದುಕೊಂಡು ಒಂದು ಸಲವೂ ಮನೆಯಲ್ಲಿ ಮಾಡದಿದ್ದರೆ ಹೇಗೆ ಅಂತ ಮಗಳು ವರ್ಷವಿಡೀ ಪೀಡಿಸಿದಳು.

ಯಾವ ದೇವರ ಹಬ್ಬ ಅಂತ ಅಪ್ಪ ಕೇಳಿದರಲ್ಲ, ಇದಕ್ಕೆ ದೇವರಿಲ್ಲ. ಸುಗ್ಗಿ ಹಬ್ಬ ಅಂತಿಟ್ಟುಕೋ. 1621ರಲ್ಲಿ ಪ್ಲಿಮತ್ ಅನ್ನುವ ಊರಲ್ಲಿ ಇಂಗ್ಲೆಂಡಿನಿಂದ ಬಂದವರೂ ಅಲ್ಲಿನ ವಾಂಪನೋಗ್ ಜನರೂ ಕೂತು ಉಂಡರಂತೆ. ಲಿಂಕನ್ 1863ರಲ್ಲಿ ಇದನ್ನು ದೇಶದ ಹಬ್ಬ ಅಂತ ಸಾರಿದ. ನವೆಂಬರಿನ ನಾಲ್ಕನೇ ಗುರುವಾರವೇ ಆಗಬೇಕು ಅಂತ 1941ರಲ್ಲಿ ಕಾನೂನೂ ಆಯಿತು. ಮೂಲನಿವಾಸಿಗಳಲ್ಲಿ ತುಂಬ ಜನಕ್ಕೆ ಇದು ಹಬ್ಬವಲ್ಲ, ದುಃಖದ ದಿನ. ನೆಲ ಕಳೆದುಕೊಂಡವರು ಅವರು. ಮಗಳಿಗೆ ಅದನ್ನೂ ಹೇಳಿದೆ.

ಗುರುವಾರ ಅಂದೆನಲ್ಲ, ನಮ್ಮ ಮನೆಯ ತೊಂದರೆ ಶುರುವಾದದ್ದೇ ಅಲ್ಲಿಂದ. ಊಟಕ್ಕೆ ಬರುವವರು ನಿನ್ನ ಸೊಸೆಯ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಷಿಕಾಗೋದಿಂದ ಕಾರಲ್ಲಿ. ಅಕ್ಕ ರಾಯರ ಭಕ್ತೆ, ಗುರುವಾರ ಬಾಡು ಮುಟ್ಟುವುದಿಲ್ಲ. ಈ ಹಬ್ಬ ಗುರುವಾರ ಬಿಟ್ಟು ಬೇರೆ ದಿನ ಬರುವುದಿಲ್ಲ. ಎಷ್ಟೋ ವರ್ಷದಿಂದ ಈ ದೇಶದಲ್ಲಿದ್ದಾರೆ, ಹಬ್ಬದ ಟರ್ಕಿ ಹೇಗಿರುತ್ತೆ ಅಂತ ಅವರಿಗೆ ಗೊತ್ತೇ ಇಲ್ಲ! ಇತ್ತ ನಿನ್ನ ಸೊಸೆಗೆ ಆಸ್ಪತ್ರೆಯಲ್ಲಿ ಬುಧವಾರ ರಾತ್ರಿ ಪಾಳಿ. ಬೆಳಗ್ಗೆ ಎಂಟಕ್ಕೆ ಬಂದು ಮಲಗಿದರೆ ಏಳುವುದು ಮೂರಕ್ಕೆ. ಅಂದರೆ ಅಡುಗೆ ನಾನೊಬ್ಬನೇ ಮಾಡಬೇಕು, ಮಿಕ್ಸಿ ಸದ್ದು ಮಾಡುವ ಹಾಗಿಲ್ಲ.

ನೀನು ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಲವತ್ತು ಜನಕ್ಕೆ ಬಡಿಸುತ್ತಿದ್ದೆ. ಕಾಗದ ಪೆನ್ನು ಹಿಡಿದದ್ದನ್ನು ನಾನು ನೋಡಿಲ್ಲ. ನಾನು ಎಂಟು ಜನಕ್ಕೆ ಮಾಡಲು ಎರಡು ಹಾಳೆ ಬರೆದೆ. ನಿನಗೆ ಕೋಡೊಲೆ ಎರಡು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಒಂದು ಇತ್ತು. ನನಗೆ ಓವನ್ ಒಂದೇ. ಟರ್ಕಿ, ಗೆಣಸು, ಹುರುಳಿಕಾಯಿ, ಸಿಹಿಗುಂಬಳದ ಪೈ, ನಾಲ್ಕಕ್ಕೂ ಅದೇ ಬೇಕು. ಕೊನೆಗೆ ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಊಟ ನಾಲ್ಕಕ್ಕೆ. ಬೆಂದ ಟರ್ಕಿಯನ್ನು ಕೊಯ್ಯುವ ಮುಂಚೆ ಅರ್ಧ ಗಂಟೆಗೂ ಜಾಸ್ತಿ ಸುಮ್ನೆ ಬಿಡಬೇಕು, ಇಲ್ಲದಿದ್ದರೆ ರಸವೆಲ್ಲ ಹಲಗೆಗೆ ಹರಿದುಹೋಗುತ್ತದೆ. ಆ ಹೊತ್ತಲ್ಲಿ ಓವನ್ ಖಾಲಿ! ಗೆಣಸು, ಹುರುಳಿಕಾಯಿ ಆಗ ಒಳಗೆ. ಪೈ ಬುಧವಾರವೇ. ಇಷ್ಟು ಹೊಳೆದ ಮೇಲೆ ಧೈರ್ಯ ಬಂತು.

ಆದರೂ ಎಡವಿದೆ. ಹೆಪ್ಪುಗಟ್ಟಿದ ಈ ಗಾತ್ರದ ಟರ್ಕಿ ಫ್ರಿಜ್ಜಿನಲ್ಲಿ ಕರಗಲು ಮೂರು ದಿನ ಬೇಕು. ನಾನು ತೆಗೆದಿಟ್ಟದ್ದು ಸೋಮವಾರ ರಾತ್ರಿ. ಬುಧವಾರ ಸಂಜೆ ಕೈ ಹಾಕಿದರೆ ಒಳಗೆ ಕಲ್ಲು. ಬಿಸಿನೀರು ಹಾಕುವ ಹಾಗಿಲ್ಲ, ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಗೆ ಕೆಡುತ್ತದೆ. ತಣ್ಣೀರು ತುಂಬಿದ ಸಿಂಕಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ ಕೂತೆ. ಎಮ್ಮೆ ಮೈ ತೊಳೆದ ಹಾಗೆ. ಹತ್ತು ಗಂಟೆಗೆ ಸಡಿಲವಾಯಿತು. ಒರೆಸಿ, ಉಪ್ಪು ಸವರಿ, ಏನೂ ಮುಚ್ಚದೆ ಮತ್ತೆ ಫ್ರಿಜ್ಜಿಗಿಟ್ಟೆ. ಚರ್ಮ ಒಣಗಿದರೆ ಗರಿಗರಿ ಆಗುತ್ತದೆ.

ಬೆಳಗ್ಗೆ ಚರ್ಮದಡಿಗೆ ಬೆರಳು ತೂರಿಸಿ ಬೆಣ್ಣೆ, ಬೆಳ್ಳುಳ್ಳಿ, ಮೆಣಸಿನ ಪುಡಿ ತುಂಬಿದೆ. "ಅಪ್ಪಾ, ನೋ ಮಸಾಲ" ಅಂತ ಮಗಳ ಕಟ್ಟಪ್ಪಣೆ. ಕಾಳುಮೆಣಸು ಮಸಾಲೆಯಲ್ಲ ಅಂತ ನಾನು ತೀರ್ಮಾನಿಸಿದೆ. ಹನ್ನೊಂದೂವರೆಗೆ ಒಳಗೆ ಹೋಯಿತು, 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ. ಎದೆಯ ಮಾಂಸ ಬೇಗ ಬೇಯುತ್ತೆ, ತೊಡೆ ನಿಧಾನ. ತೊಡೆ ಕಾಯುತ್ತ ಕೂತರೆ ಎದೆ ಒಣಗಿ ಬತ್ತಿಯಾಗುತ್ತೆ, ಅದಕ್ಕೆ ಎದೆಯ ಮೇಲೆ ಫಾಯಿಲ್ ಹೊದಿಸಿದೆ. ತೊಡೆಗೆ ಥರ್ಮಾಮೀಟರ್ ಚುಚ್ಚಿ 165 ಬಂದರೆ ಆಯಿತು. ನೀನಾದರೆ ಕಾಲು ಹಿಡಿದು ಅಲ್ಲಾಡಿಸಿ ಹೇಳುತ್ತಿದ್ದೆ. ನಾನೂ ಅಲ್ಲಾಡಿಸಿದೆ, ಸುಮ್ನೆ ನಿನ್ನ ನೆನಪಿಗೆ.

ಕ್ರಾನ್‌ಬೆರಿ ಅಂತ ಒಂದು ಹುಳಿ ಹಣ್ಣು, ಕೆಂಪಗೆ ಕಾರೆಹಣ್ಣಿನಷ್ಟು. ಸಕ್ಕರೆ ನೀರಲ್ಲಿ ಕುದಿಸಿದರೆ ಸಾಸಿವೆಯ ಹಾಗೆ ಪಟಪಟ ಒಡೆದು ತಾನೇ ಗಟ್ಟಿಯಾಗುತ್ತದೆ. ಅದಕ್ಕೆ ಬೆಲ್ಲ ಹಾಕಿ, ಒಣಮೆಣಸಿನಕಾಯಿ ಇಂಗಿನ ಒಗ್ಗರಣೆ ಕೊಟ್ಟೆ. ಗೊಜ್ಜೇ ಆಯಿತು. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಅನ್ನುವ ಸಿಹಿ ಸ್ಪಂಜು ಹಾಕಿ ಸುಡುತ್ತಾರೆ, ಅದನ್ನು ಮಾತ್ರ ನಾನು ಕ್ಷಮಿಸಲಾರೆ. ಮಕ್ಕಳು ಮೂರು ಸಲ ಹಾಕಿಸಿಕೊಂಡರು.

ಅಕ್ಕನಿಗೆ ಏನು ಮಾಡಿದೆ ಗೊತ್ತಾ? ಇದು ನಿನಗೆ ಇಷ್ಟವಾಗುವ ವಿಷಯ. ಇಲ್ಲಿನ ಕೆರೆಗಳಲ್ಲಿ ತಾನಾಗಿ ಬೆಳೆಯುವ ಒಂದು ಅಕ್ಕಿ ಇದೆ. ಕಪ್ಪಗೆ, ಉದ್ದಕ್ಕೆ. ಓಜಿಬ್ವೆ ಜನ ಮನೂಮಿನ್ ಅನ್ನುತ್ತಾರೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಸಣ್ಣ ದೋಣಿಯಲ್ಲಿ ಇಬ್ಬರು ಹೋಗುತ್ತಾರೆ. ಒಬ್ಬರು ಗಳ ಊರಿ ದೋಣಿ ನಡೆಸುತ್ತಾರೆ. ಇನ್ನೊಬ್ಬರು ಒಂದು ಕೋಲಲ್ಲಿ ತೆನೆ ಬಗ್ಗಿಸಿ, ಇನ್ನೊಂದರಲ್ಲಿ ಮೆಲ್ಲಗೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಉದುರುತ್ತದೆ, ಒಂದಿಷ್ಟು ನೀರಿಗೂ ಬೀಳುತ್ತದೆ. ಮುಂದಿನ ವರ್ಷದ ಬಿತ್ತನೆ ಅದೇ. ಆಮೇಲೆ ಹುರಿದು, ಕಾಲಲ್ಲಿ ತುಳಿದು ಹೊಟ್ಟು ಬಿಡಿಸಿ, ಮರದ ತೊಗಟೆಯ ಮೊರದಲ್ಲಿ ಕೇರುತ್ತಾರೆ. ಅದನ್ನು ಮುಕ್ಕಾಲು ಗಂಟೆ ಬೇಯಿಸಿ, ಕಾಳು ಬಾಯಿ ಬಿಟ್ಟ ಮೇಲೆ ಅಣಬೆ, ಈರುಳ್ಳಿ ಹಾಕಿ ಬಾಡಿಸಿದೆ. ಅಕ್ಕನಿಗೆಂದು ಮಾಡಿದ್ದು ಎಲ್ಲರ ತಟ್ಟೆಗೂ ಹೋಗಿ, ಅವರಿಗೆ ಎರಡನೇ ಸಲ ಬಡಿಸಲು ಉಳಿಯಲೇ ಇಲ್ಲ. ಟರ್ಕಿ ತಿನ್ನುವವರು ಅದನ್ನೂ ತಿನ್ನುತ್ತಾರೆ ಅನ್ನುವುದು ನನ್ನ ಎರಡು ಹಾಳೆಯಲ್ಲಿ ಇರಲಿಲ್ಲ.

ನಾಲ್ಕೂ ಹತ್ತಕ್ಕೆ ಕೂತೆವು. ಬಣ್ಣ ಚೆನ್ನಾಗಿ ಬಂದಿತ್ತು. ಭಾವ ಕೊಯ್ಯಲು ಹೋದರೆ ಕುತ್ತಿಗೆಯ ಕಡೆಯಿಂದ ಒಂದು ಕಾಗದದ ಪೊಟ್ಟಣ ಬಂತು! ಈಲಿ, ಗುಂಡಿಗೆ ಎಲ್ಲ ಪೊಟ್ಟಣ ಕಟ್ಟಿ ಒಳಗೇ ಇಟ್ಟಿರುತ್ತಾರೆ. ಹೊಟ್ಟೆಯಲ್ಲಿದ್ದದ್ದನ್ನು ತೆಗೆದಿದ್ದೆ, ಕುತ್ತಿಗೆಯಲ್ಲೂ ಒಂದಿದೆ ಅಂತ ಯಾರಿಗೆ ಗೊತ್ತು? ಮಕ್ಕಳು ಬಿದ್ದು ಬಿದ್ದು ನಕ್ಕರು. ರುಚಿ? ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ನಿನಗೆ ಸುಳ್ಳು ಹೇಳುವುದಿಲ್ಲ, ಸಪ್ಪೆ.

ಮೂಳೆ ಎಸೆಯಲು ಮನಸ್ಸು ಬರಲಿಲ್ಲ. ಶುಕ್ರವಾರ ಬೆಳಗ್ಗೆ ಅದನ್ನೆಲ್ಲ ದೊಡ್ಡ ಪಾತ್ರೆಗೆ ಹಾಕಿ ಎರಡು ಮೂರು ಗಂಟೆ ಕುದಿಸಿದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಚಕ್ಕೆ, ಲವಂಗ, ಗಸಗಸೆ ಹುರಿದು, ಕಾಯಿ ಹುರಿಗಡಲೆ ಸೇರಿಸಿ ರುಬ್ಬಿದೆ. ಅವತ್ತು ಮಿಕ್ಸಿಗೆ ಅಡ್ಡಿ ಇರಲಿಲ್ಲ. ಬೆಂದ ಮಾಂಸ ಮತ್ತೆ ಕುದಿದರೆ ನಾರು ನಾರಾಗುತ್ತೆ ಅಂತ ಕೊನೆಗೆ ಹಾಕಿ ಒಲೆ ಆರಿಸಿದೆ. ನೀನು ಕಟ್ಟಿಕೊಟ್ಟ ರಾಗಿಹಿಟ್ಟಲ್ಲಿ ಮುದ್ದೆ.

ಅಕ್ಕ ಶುಕ್ರವಾರ ಉಂಡರು. ಮಾತಾಡಲಿಲ್ಲ, ಎರಡನೇ ಮುದ್ದೆಗೆ ತಟ್ಟೆ ಚಾಚಿದರು. ಭಾವ "ಇದಕ್ಕೆ ನಿನ್ನೆ ಅಷ್ಟೆಲ್ಲ ಯಾಕೆ ಮಾಡಿದೆ, ನೇರ ಇದನ್ನೇ ಮಾಡೋದಲ್ವಾ?" ಅಂದರು. ಹಬ್ಬದ ಒಬ್ಬಟ್ಟು ಮೊದಲು, ಬಾಡು ಮಾರನೇ ದಿನ ಅಂತ ನಾನು ಹೇಳಿದ್ದಕ್ಕೆ ನಿನ್ನ ಸೊಸೆ ನಕ್ಕಳು. ಮುದ್ದೆ ಸ್ವಲ್ಪ ಗಂಟಾಗಿತ್ತು. ಅದನ್ನು ನೀನು ಅಪ್ಪನಿಗೆ ಹೇಳಬೇಡ.

ಈ ಸಲ ಯುಗಾದಿಯೂ ಗುರುವಾರವೇ, ಮಾರ್ಚ್ 19. ಟಿಕೆಟ್ ನೋಡುತ್ತಿದ್ದೇನೆ. ಹೊಸತೊಡಕಿಗೆ ಊರವರು ಪಾಲು ಹಾಕಿಕೊಳ್ಳುವ ಗುಡ್ಡೆ ಬಾಡಿನ ದುಡ್ಡನ್ನು ಅಪ್ಪ ಕಟ್ಟುವಾಗ ನಮ್ಮ ನಾಲ್ಕು ಜನರ ಪಾಲೂ ಸೇರಿಸಲಿ. ನಿನಗೆ ಅಂತ ಅರ್ಧ ಕೆಜಿ ಆ ಕೆರೆ ಅಕ್ಕಿ ಎತ್ತಿಟ್ಟಿದ್ದೇನೆ. ನಿನ್ನ ಬುದ್ಧಿ ನನಗೆ ಗೊತ್ತು, ಒಂದು ಹಿಡಿ ತೆಗೆದುಕೊಂಡು ಹೋಗಿ ನಮ್ಮ ಕೆರೆಗೆ ಎರಚಬೇಡ. ಹುರಿದ ಕಾಳು ಅದು, ಮೊಳೆಯುವುದಿಲ್ಲ.

ನಿನ್ನ ಮಗ