ತಪಾಸಣೆ ವರದಿ ಜನರಿಗೂ ಕಾಣಲಿ

ಮಾನ್ಯ ಸಂಪಾದಕರೇ,

ನರ್ಸಿಂಗ್ ಹೋಂ ಚೆನ್ನಾಗಿದೆಯಾ ಅಂತ ನಾವು ಅಳೆಯುವುದು ರಿಸೆಪ್ಷನ್ನಿನ ಸೋಫಾ ನೋಡಿ. ರಾತ್ರಿ ಪಾಳಿಯಲ್ಲಿ ನರ್ಸ್ ಎಷ್ಟು ಜನ, ಯಾರಿಗೆ ಗೊತ್ತು? ರಾಜ್ಯದ ಖಾಸಗಿ ಆಸ್ಪತ್ರೆಗಳ ನೋಂದಣಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ 2007ರಿಂದ ಇದೆ. ಒಮ್ಮೆ ನೋಂದಣಿಯಾದರೆ 5 ವರ್ಷ ನಡೆಯುತ್ತದೆ. ಸರ್ಟಿಫಿಕೇಟ್ ಗೋಡೆಯ ಮೇಲಿರುತ್ತದೆ, ಸರಿ. ಆದರೆ ನಮ್ಮ ಬಡಾವಣೆಯ ಒಂದು ಕಡೆ ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಮುಗಿದಿತ್ತು, ತುರ್ತು ಬಾಗಿಲಿಗೆ ಹಳೇ ಮಂಚ ಅಡ್ಡವಿತ್ತು. ತಪಾಸಣೆಯವರು ಮೊದಲೇ ತಿಳಿಸಿ ಬಂದರೆ ಮಂಚ ಪಕ್ಕಕ್ಕೆ ಸರಿದಿರುತ್ತದೆ, ಅಲ್ವಾ? ಅಧಿಕಾರಿಗಳು ಹೇಳದೆ ಕೇಳದೆ ಬರಬೇಕು.

ಅಮೆರಿಕದಲ್ಲಿ ವೃದ್ಧರ ನರ್ಸಿಂಗ್ ಹೋಂಗಳ ತಪಾಸಣೆ ವರದಿ ಸರ್ಕಾರಿ ವೆಬ್‌ಸೈಟಿನಲ್ಲೇ ಸಿಗುತ್ತದೆ, 1ರಿಂದ 5 ಸ್ಟಾರ್ ಸಮೇತ. ನಮಗೆ ಸ್ಟಾರ್ ಬೇಡ. ತಪಾಸಣೆಯ ತಾರೀಕು, ಕಂಡ ಲೋಪ, ಸರಿಪಡಿಸಿದ್ದು – ಇಷ್ಟನ್ನು ಬಿಲ್ ಕೌಂಟರಿನ ಪಕ್ಕ ಅಂಟಿಸಲಿ.

– ಒಬ್ಬ ಓದುಗ, ಬನಶಂಕರಿ, ಬೆಂಗಳೂರು