ಶನಿವಾರ ಅಡ್ವಾನ್ಸ್ ಕೊಡುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಗುಜರಿಗೆ ದುಡ್ಡು ಸುರಿಯೋಕೆ ನಿನಗೇನು ತಲೆ ಕೆಟ್ಟಿದೆಯಾ" ಅಂದುಬಿಟ್ಟೆ. ಆ ಮಾತು ತಪ್ಪು, ವಾಪಸ್ ತಗೊಂಡೆ. ಹಾಗಂತ ತಗೋ ಅಂತಲೂ ಹೇಳುತ್ತಿಲ್ಲ. ಬಿಡಿಭಾಗಕ್ಕೆ ಅಂತ ನೋಡಿಟ್ಟಿರೋ ಆ ಇನ್ನೊಂದು ಹಳೇ ಪದ್ಮಿನಿ ಕಾರಿಗೆ ಶನಿವಾರ ಅಡ್ವಾನ್ಸ್ ಕೊಡೋದು ಅಂತ ನೀನು ನಿರ್ಧಾರ ಮಾಡಿದಂತಿದೆ. ಫೋನಿನಲ್ಲಿ ಮತ್ತೆ ಜಗಳವೇ ಆಗುತ್ತೆ, ಅದಕ್ಕೇ ಬರೀತಿದ್ದೇನೆ. ಮನೆಯಲ್ಲಿರೋ ನಿನ್ನ ಪ್ರೀಮಿಯರ್ ಪದ್ಮಿನಿ ನಿನಗ್ಯಾಕೆ ಅಷ್ಟು ಮುಖ್ಯ ಅನ್ನೋದು ಇಬ್ಬರಿಗೂ ಗೊತ್ತು, ಅದನ್ನು ಬಿಡು.

ಮೊದಲು ಒಂದು ಪಟ್ಟಿ ಮಾಡು. ಗಾಡಿಯ ತಗಡಿನ ತೂತು ಮುಚ್ಚೋಕೆ ಮೆತ್ತೋ ಪಟ್ಟಿ ಅಲ್ಲ, ಕಾಗದದ್ದು. ನಿನ್ನ ಗಾಡಿಗೆ ಬೇಕಾದ್ದೆಲ್ಲ ಎಡಗಡೆ ಬರಿ. ಬಲಗಡೆ, ಅದರಲ್ಲಿ ಅಂಗಡಿ ಕೌಂಟರಿನಲ್ಲಿ ಹೊಸದಾಗಿ ಸಿಗೋದು ಯಾವುದು ಅಂತ ಗುರುತು ಹಾಕು. ಕಿಂಗ್‌ಪಿನ್ ಕಿಟ್, ಕ್ಲಚ್ ಪ್ಲೇಟ್, ಬ್ರೇಕ್‌ನ ರಬ್ಬರ್ ಕಿಟ್, ಗ್ಯಾಸ್ಕೆಟ್, ವಾಟರ್ ಪಂಪ್ ಹುಡುಕಿದರೆ ಈಗಲೂ ಸಿಗುತ್ತವೆ. ಗೇರ್ ಕೋಲಿನ ಲಿಂಕೇಜ್ ಬುಷ್ಷನ್ನು ಲೇತಿನವನು ಮಾಡಿಕೊಡ್ತಾನೆ. ಇವುಗಳಿಗೋಸ್ಕರ ಗಾಡಿ ತಗೊಳ್ಳೋದು ಕೊತ್ತಂಬರಿಗೆ ತೋಟ ಕೊಂಡಂತೆ. ಕೌಂಟರಿನಲ್ಲಿ ಯಾರೂ ಕೊಡಲಾಗದ್ದು ಬೇರೆ: ಸೊಟ್ಟಗಾಗದ ಡೋರು, ಮುಂದಿನ ಗ್ರಿಲ್ಲು, ಬಂಪರ್, ಕ್ರೋಮ್ ಬೀಡಿಂಗ್, ಗಾಜು, ಸ್ಟಿಯರಿಂಗ್ ಕಾಲಮ್ಮು, ಸದ್ದು ಮಾಡದ ಹಿಂದಿನ ಹೌಸಿಂಗು, ಅಂದರೆ ಹಿಂದಿನ ಎರಡು ಚಕ್ರದ ನಡುವಿನ ಆಕ್ಸಲ್ಲು. ಇದರಲ್ಲಿ ನಿನಗೆ ಬೇಕಿರೋದು ಮೂರು: ಎಡ ಮುಂದಿನ ಡೋರು, ಹೌಸಿಂಗು, ವಿಂಡ್‌ಸ್ಕ್ರೀನಿನ ಬೀಡಿಂಗ್. ಆ ಮೂರೂ ಆ ಗಾಡಿಯಲ್ಲಿ ಚೆನ್ನಾಗಿದ್ದರೆ ಮಾತ್ರ ಮುಂದಿನ ಮಾತು.

ಮಾರೋನು 45,000 ರೂಪಾಯಿ ಹೇಳಿದ್ದಾನೆ. ಅದರ ಮೇಲೆ ಗಾಡಿ ತರೋ ಖರ್ಚು, ನಿಲ್ಲಿಸೋ ಜಾಗದ ಬಾಡಿಗೆ. ಕೊನೆಗೆ ಉಳಿಯೋ ಬಾಡಿಯಿಂದ ಎಷ್ಟು ವಾಪಸ್ ಬರುತ್ತೆ ಅಂತಲೂ ಈಗಲೇ ಲೆಕ್ಕ ಹಾಕು. ಇಡೀ ಗಾಡಿ 895 ಕೆಜಿ. ಎಂಜಿನ್, ಹೌಸಿಂಗ್, ಗಾಜು, ಸೀಟು, ಚಕ್ರ, ಡೋರು ಬಿಚ್ಚಿದ ಮೇಲೆ ನಾನೂರು ಕೆಜಿ ತಗಡು ಉಳಿದರೆ ಹೆಚ್ಚು. ಕೆಜಿಗೆ 25 ರೂಪಾಯಿ ಹಿಡಿದರೂ 10,000. ನನ್ನ ಲೆಕ್ಕ ಒಂದೇ: ನಿನಗೆ ಬೇಕಾದ ಸಾಮಾನನ್ನು ಬಿಡಿಬಿಡಿಯಾಗಿ ಹುಡುಕಿ ತಗೊಂಡರೆ ಆಗೋ ಖರ್ಚು, ಗಾಡಿಯ ಒಟ್ಟು ಖರ್ಚಿನ ಎರಡರಷ್ಟು ಇರಬೇಕು. ಯಾಕಂದರೆ ಹೊರಗಿಂದ ಚೆನ್ನಾಗಿ ಕಾಣೋ ಸಾಮಾನಿನಲ್ಲಿ ಅರ್ಧ, ಬಿಚ್ಚಿದ ಮೇಲೆ ಕೈಕೊಡುತ್ತೆ.

ನೋಡೋಕೆ ಹೋಗುವಾಗ ಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚು, ಸ್ಕ್ರೂಡ್ರೈವರು ತಗೊಂಡು ಹೋಗು. ಡೋರಿನ ಕೆಳಗಿನ ನಾಲ್ಕು ಇಂಚಿನಲ್ಲಿ ಅಯಸ್ಕಾಂತ ಅಂಟದಿದ್ದರೆ ಅಲ್ಲಿರೋದು ಬರೀ ಪಟ್ಟಿ, ತಗಡಲ್ಲ. ಡೋರಿನ ಕೆಳಅಂಚಿನಲ್ಲಿ ನೀರು ಹೋಗೋ ತೂತುಗಳಿವೆ. ಅವು ಕಟ್ಟಿಕೊಂಡಿದ್ದರೆ ಒಳಗಡೆ ಕೊಳೆತಿದೆ ಅಂತಲೇ ಅರ್ಥ. ಮ್ಯಾಟ್ ಎತ್ತಿ ಫ್ಲೋರು ನೋಡು. ಡೋರಿನ ಕೆಳಗೆ ಉದ್ದಕ್ಕೆ ಬರೋ ಸಿಲ್ಲನ್ನು ಸ್ಕ್ರೂಡ್ರೈವರಿನಿಂದ ಒತ್ತು. ಪದ್ಮಿನಿಗೆ ಬೇರೆ ಚಾಸಿಸ್ ಫ್ರೇಮ್ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತೆ. ಸಿಲ್ಲು ಹೋಯಿತು ಅಂದರೆ ಬೆನ್ನುಮೂಳೆ ಹೋದಂತೆ. ಜಾಕ್ ಕೊಡೋದೂ ಅಲ್ಲೇ.

ಅದಕ್ಕೇ ಹೇಳ್ತೀನಿ, ಈ ಗಾಡಿಯನ್ನು ಜಾಕ್ ಮೇಲೆ ಎತ್ತಿ ಕೆಳಗೆ ಹೋಗಬೇಡ. ಬಿಡಿಭಾಗಕ್ಕೆ ಬಂದ ಗಾಡಿ ಅಂದರೆ ಕೊಳೆತ ಗಾಡಿ. ಒಳ್ಳೆ ಗಾಡಿಯಲ್ಲಿ ಜಾಕ್ ಎಲ್ಲಿ ಕೂರುತ್ತೋ, ಅದೇ ಜಾಗ ಇಲ್ಲಿ ಹಪ್ಪಳ ಆಗಿರುತ್ತೆ. ಮೊದಲು ಮೇಲೆ ಎತ್ತುತ್ತೆ, ಆಮೇಲೆ ಚರ್ ಅಂತ ಸಿಲ್ಲಿನೊಳಗೆ ನುಗ್ಗುತ್ತೆ. ಮುಂದೆ ಮತ್ತೆ ಬರೀತೀನಿ, ಈಗ ಎಂಜಿನ್ ಮುಗಿಸಿಬಿಡ್ತೀನಿ.

ಎಂಜಿನ್ ತಿರುಗದಿದ್ದರೆ ಅದೊಂದು ಕಾರಣಕ್ಕೆ ಬೇಡ ಅನ್ನಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎರಡು ಚಮಚ ಡೀಸೆಲ್, ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಬೇಕು. ಗಾಡಿ ಎಳೆಸಿ ಗೇರ್ ಹಾಕಿದರೆ ಪಿಸ್ಟನ್ ರಿಂಗ್ ಮುರಿಯುತ್ತೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಹಾಗಿದ್ದರೆ ನೀರು ಸೇರಿದೆ. ಇದರ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ವರ್ಷಗಟ್ಟಲೆ ಬೋರಿನ ನೀರು ಹಾಕಿದ ಗಾಡಿಯಲ್ಲಿ ಹೆಡ್ಡಿನ ನೀರಿನ ದಾರಿಗಳ ಸುತ್ತ ಗೆದ್ದಲು ತಿಂದ ಹಾಗೆ ಆಗಿರುತ್ತೆ. ಅಂಥ ಹೆಡ್ಡನ್ನು ಫ್ರೀಯಾಗಿ ಕೊಟ್ಟರೂ ಬೇಡ. ಇನ್ನೊಂದು, ಅದು 1089 ಸಿಸಿ ಪೆಟ್ರೋಲ್ ಗಾಡಿಯೇ ಅಂತ ಖಾತ್ರಿ ಮಾಡಿಕೊ. ಡೀಸೆಲ್ ಪದ್ಮಿನಿಯೂ ಬಂದಿತ್ತು. ಕೊನೆಕೊನೆಗೆ ಗೇರು ಸ್ಟಿಯರಿಂಗಿನ ಪಕ್ಕದಿಂದ ಫ್ಲೋರಿಗೂ ಬಂತು. ಅವುಗಳ ಎಂಜಿನ್, ಗೇರ್‌ಬಾಕ್ಸ್ ನಿನ್ನ ಗಾಡಿಯಲ್ಲಿ ನೇರವಾಗಿ ಕೂರಲ್ಲ.

ಹೌಸಿಂಗ್ ವಿಷಯಕ್ಕೆ ಗಮನ ಕೊಡು. ನಿನ್ನ ಗಾಡಿ ನಲವತ್ತರ ಮೇಲೆ ಗುಯ್‌ಗುಡೋದು ಹೌಸಿಂಗಿನೊಳಗಿನ ಕ್ರೌನ್–ಪಿನಿಯನ್ ಗೇರುಗಳು ಸವೆದಿದ್ದಕ್ಕೆ. ಆ ಎರಡೂ ಒಂದಕ್ಕೊಂದು ಉಜ್ಜಿ ಹೊಂದಿಕೊಂಡ ಜೋಡಿ. ಒಂದು ಗಾಡಿಯ ಕ್ರೌನು, ಇನ್ನೊಂದರ ಪಿನಿಯನ್ನು ಸೇರಿಸಿದರೆ ತಿಂಗಳಲ್ಲಿ ಹಲ್ಲು ಉದುರುತ್ತೆ. ಆದ್ದರಿಂದ ಇಡೀ ಹೌಸಿಂಗನ್ನೇ ಬದಲಿಸು. ನೋಡುವಾಗ ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರೋ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ಆಟ ಎಷ್ಟಿದೆ ನೋಡು, ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಅದ್ದು. ಆಯಿಲಿನಲ್ಲಿ ಜರಿ ಹೊಳೆದರೆ ಆ ಗಾಡಿಯೂ ಗುಯ್‌ಗುಟ್ಟಿಯೇ ನಿಂತದ್ದು.

ಶಾಫ್ಟ್ ಮುಟ್ಟೋಕೆ ಕೆಳಗೆ ಹೋಗಲೇಬೇಕಲ್ಲ ಅಂತೀಯ. ಹೋಗು, ಆದರೆ ನಾಲ್ಕೂ ಚಕ್ರ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ನಂಬಬೇಡ, ನಿಂತ ಗಾಡಿಯ ಕೇಬಲ್ ಸತ್ತಿರುತ್ತೆ. ಮನೆಗೆ ತಂದು ಬಿಚ್ಚುವಾಗಲೂ ಅಷ್ಟೆ. ಹಿಂದೆ ಎತ್ತಿದರೆ ಹ್ಯಾಂಡ್‌ಬ್ರೇಕ್ ಹಿಡಿಯೋ ಎರಡು ಚಕ್ರವೂ ಗಾಳಿಯಲ್ಲಿ, ಮುಂದಿನ ಚಕ್ರದ ಎರಡೂ ಕಡೆ ಮರದ ಆಪು ಕೊಡದಿದ್ದರೆ ಗಾಡಿ ಉರುಳಿ ಜಾಕಿನಿಂದ ಇಳಿಯುತ್ತೆ. ಸಿಲ್ಲಿಗೆ ಕೊಡಬೇಡ. ಹಿಂದೆ ಹೌಸಿಂಗಿನ ಕೆಳಗೆ, ಮುಂದೆ ಅಡ್ಡಕ್ಕಿರೋ ಗಟ್ಟಿ ತೊಲೆ, ಕ್ರಾಸ್‌ಮೆಂಬರಿನ ಕೆಳಗೆ ಎರಡು ಇಂಚು ಮರ ಇಟ್ಟು ಎತ್ತು. ಹೌಸಿಂಗೇ ಇಳಿಸೋದಾದರೆ, ಎತ್ತಿದ ಗಾಡಿಯನ್ನು ಹೊರೋ ಸ್ಟ್ಯಾಂಡು ಅದರ ಕೆಳಗಲ್ಲ, ಲೀಫ್ ಸ್ಪ್ರಿಂಗಿನ ಮುಂದಿನ ಮೌಂಟಿನ ಹತ್ತಿರ ಗಟ್ಟಿ ತಗಡಿರೋ ಜಾಗ ಹುಡುಕಿ ಅಲ್ಲಿ ಕೊಡಬೇಕು. ಸ್ಟ್ಯಾಂಡು ಎರಡು ಟನ್ನಿನದ್ದು, ಜೋಡಿ. ಇಟ್ಟಿಗೆ ಬೇಡ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಇಟ್ಟಿಗೆ ಬಿರುಕು ಬಿಟ್ಟು ಒಂದು ಸೂಚನೆಯಾದರೂ ಕೊಟ್ಟೀತು, ಟೊಳ್ಳು ಬ್ಲಾಕ್ ಒಂದೇ ಸಲ ಪುಡಿಯಾಗುತ್ತೆ. ನಿಮ್ಮ ಮನೆ ಹಿಂದಿನದು ಎರೆಮಣ್ಣು, ಮಳೆ ಬಿದ್ದರೆ ಸ್ಟ್ಯಾಂಡಿನ ಕಾಲು ಇಳಿಯುತ್ತೆ. ಒಂದೊಂದರ ಕೆಳಗೂ ಒಂದಡಿ ಚೌಕದ ಮುಕ್ಕಾಲಿಂಚು ಪ್ಲೈವುಡ್ ಹಾಕು. ಬಿಚ್ಚಿದ ಚಕ್ರವನ್ನು ಸಿಲ್ಲಿನ ಕೆಳಗೆ ಮಲಗಿಸಿಡು. ಕೆಳಗೆ ಹೋಗೋ ಮುಂಚೆ ಸೊಂಟ ಕೊಟ್ಟು ಗಾಡಿಯನ್ನು ಜೋರಾಗಿ ತಳ್ಳಿ ನೋಡು. ಬೀಳೋದಾದರೆ ಆಗಲೇ ಬೀಳಲಿ. ಎಂಜಿನ್ ಇಳಿಸಿದ ಮೇಲೆ ಮುಂದಿನ ಭಾರ ಹೋಗಿ ಗಾಡಿ ಹಿಂದಕ್ಕೆ ವಾಲುತ್ತೆ, ಆಗ ಸ್ಟ್ಯಾಂಡು ಮತ್ತೆ ನೋಡು. ಒಬ್ಬಳೇ ಇರೋ ದಿನ ಮೇಲಿನ ಕೆಲಸ ಮಾತ್ರ. ಮುಂದಿನ ಕಾಯಿಲ್ ಸ್ಪ್ರಿಂಗಿಗೆ, ಅದನ್ನು ಅದುಮಿ ಹಿಡಿಯೋ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡ, ಅದು ಗುಂಡಿನ ಹಾಗೆ ಹಾರುತ್ತೆ.

ಇಷ್ಟು ಉದ್ದ ಬರೀಬಾರದಿತ್ತು. ಇದೆಲ್ಲ ನಿನಗೆ ಗೊತ್ತಿಲ್ಲ ಅಂತಲ್ಲ. ಮೊನ್ನೆ ಕಾರ್ಬೊರೇಟರ್ ಬಿಚ್ಚಿ, ಜೆಟ್ಟುಗಳನ್ನು ಪೇಪರಿನ ಮೇಲೆ ಕಳಚಿದ ಕ್ರಮದಲ್ಲೇ ಜೋಡಿಸಿ, ಪಕ್ಕದಲ್ಲಿ ಪೆನ್ನಿನಲ್ಲಿ ನಂಬರ್ ಹಾಕಿದ ಫೋಟೊ ಕಳಿಸಿದ್ದೆಯಲ್ಲ, ಅದನ್ನು ಕೌಂಟರಿಗೆ ಬಂದ ಮೆಕ್ಯಾನಿಕ್‌ಗಳಿಗೆಲ್ಲ ತೋರಿಸಿದ್ದೇನೆ. ನಿನಗೆ ಹೇಳಿರಲಿಲ್ಲ.

ಬಿಚ್ಚೋದಾದರೆ ಗಾಜು ಮೊದಲು. ಗಾಡಿ ಅಲುಗಾಡಿದಷ್ಟೂ ಗಾಜಿಗೇ ಅಪಾಯ. ವಿಂಡ್‌ಸ್ಕ್ರೀನಿನ ಬೀಡಿಂಗನ್ನು ಮೂಲೆಯ ಕ್ಲಿಪ್ಪಿನಿಂದ ಶುರು ಮಾಡಿ ಬಿಡಿಸು, ಮಧ್ಯಕ್ಕೆ ಸ್ಕ್ರೂಡ್ರೈವರ್ ಹಾಕಿದರೆ ಮಡಿಚುತ್ತೆ, ಮಡಿಚಿದ ಕ್ರೋಮ್ ಮತ್ತೆ ನೆಟ್ಟಗಾಗಲ್ಲ. ರಬ್ಬರ್ ಉಳಿಸೋ ಆಸೆ ಬೇಡ, ಹೊರಗಿನ ತುಟಿಯನ್ನು ಬ್ಲೇಡಿನಲ್ಲಿ ಕುಯ್ದು ಒಳಗಿಂದ ಒಬ್ಬರು ತಳ್ಳಿ, ಹೊರಗೆ ಒಬ್ಬರು ಹಿಡಿಯಿರಿ. ಲೈಟು, ಸ್ವಿಚ್ಚು ಬಿಚ್ಚುವಾಗ ಆರಿಂಚು ವೈರ್ ಬಿಟ್ಟು ಕತ್ತರಿಸು. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿದರೂ ಆವಿ ಉಳಿದಿರುತ್ತೆ, ಅದನ್ನು ಇಳಿಸಿ ದೂರ ಇಡೋವರೆಗೂ ಗ್ಯಾಸ್ ಕಟರ್, ಗ್ರೈಂಡರ್ ಎರಡೂ ಬೇಡ. ಬ್ರೇಕಿನ ಸಿಲಿಂಡರು, ಹೋಸು, ಸ್ಟಿಯರಿಂಗಿನ ಬಾಲ್ ಜಾಯಿಂಟು ಈ ಗಾಡಿಯಿಂದ ತೆಗೆದು ಆ ಗಾಡಿಗೆ ಹಾಕೋದು ಬೇಡ.

ಆರ್‌ಸಿ ಇಲ್ಲ ಅಂದರೆ ಎದ್ದು ಬಂದುಬಿಡು. ಇದ್ದರೆ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಓದಿ ತಾಳೆ ನೋಡು, ಸಾಲದ ನಮೂದು ಇದೆಯಾ ಅಂತಲೂ ನೋಡು. ಓಡಿಸಲಾಗದ ಸ್ಥಿತಿಗೆ ಹೋದ ಗಾಡಿಯನ್ನು ಮಾಲೀಕ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55. ಅದನ್ನು ಮಾರೋನ ಹೆಸರಿನಲ್ಲೇ ಮಾಡಿಸು. ಗಾಡಿ ಬಿಚ್ಚಿ ಬಾಡಿ ಕೊಟ್ಟ ಮೇಲೂ ದಾಖಲೆಯಲ್ಲಿ ಅದು ಜೀವಂತ ಇದ್ದರೆ, ಆ ನಂಬರ್ ಪ್ಲೇಟ್ ಹಾಕ್ಕೊಂಡು ಯಾರೋ ಮಾಡಿದ್ದಕ್ಕೆ ನಿನ್ನ ಬಾಗಿಲು ತಟ್ಟುತ್ತಾರೆ. ಅದರ ಎಂಜಿನ್ ನಿನ್ನ ಗಾಡಿಗೆ ಹಾಕೋದಾದರೆ ಆರ್‌ಟಿಒ ಒಪ್ಪಿಗೆ ಪಡೆದು ನಿನ್ನ ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕು.

ನಿನಗೆ ಇಷ್ಟ ಆಗದ ಒಂದು ಮಾತು ಉಳಿದಿದೆ. ಆ ಗಾಡಿಯ ಫ್ಲೋರು, ಸಿಲ್ಲು ಎರಡೂ ಗಟ್ಟಿ ಇದ್ದು, ಕಾಗದವೂ ಸರಿ ಇದ್ದರೆ, ಬಿಡಿಭಾಗಕ್ಕೆ ಹೋಗಬೇಕಾದ್ದು ಅದಲ್ಲ, ನಮ್ಮದು. ನಮ್ಮ ಗಾಡಿಯ ಎಡ ಸಿಲ್ಲಿಗೆ ಈಗಾಗಲೇ ಎರಡು ಸಲ ಪ್ಯಾಚ್ ಬಿದ್ದಿದೆ. ನೋಡುವಾಗ ಇದನ್ನೂ ಮನಸ್ಸಿನಲ್ಲಿಟ್ಟುಕೊ. ಅಪ್ಪನಿಗೆ ಇದನ್ನು ನಾನು ಹೇಳಿಲ್ಲ, ನೀನೂ ಹೇಳಬೇಡ.

ಎರಡು ಸ್ಟ್ಯಾಂಡು, ನಾಲ್ಕು ಆಪು ಗುರುವಾರದ ಪಾರ್ಸೆಲ್ಲಿಗೆ ಹಾಕಿದ್ದೇನೆ, ಗಾಡಿ ತಗೊಂಡರೂ ಬಿಟ್ಟರೂ ಇರಲಿ. ಪ್ಲೈವುಡ್ ಅಲ್ಲೇ ತಗೊ. ಬಂದ ತಕ್ಷಣ ಫೋಟೊ ಕಳಿಸು.

ನಿನ್ನ
ಅಮ್ಮ