ಮೊದಲ ಕ್ಯಾಮೆರಾ ಕೊಳ್ಳುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ಪಟ್ಟಿಯನ್ನು ನಿಧಾನವಾಗಿ ಓದಿದೆ. ನಾಲ್ಕು ಕ್ಯಾಮೆರಾಗಳ ಹೆಸರು, ಎದುರಿಗೆ ಬೆಲೆ, ಕೊನೆಯಲ್ಲಿ ‘ಇದರಲ್ಲಿ ಯಾವುದು ಒಳ್ಳೆಯದಮ್ಮ?’ ಎಂಬ ಪ್ರಶ್ನೆ. ನಾಲ್ಕೂ ಒಳ್ಳೆಯವೇ. ಆದರೆ ನೀನು ಮಾಡಹೊರಟಿರುವ ಕೆಲಸಕ್ಕೆ ಅವುಗಳಲ್ಲಿ ಒಂದೂ ಒದಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆಂದು ಬರೆದೇ ಕಳುಹಿಸುತ್ತಿದ್ದೇನೆ.

ನಿನ್ನ ಪಟ್ಟಿಯಲ್ಲಿರುವುದೆಲ್ಲ ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾಗಳು, ಅಂದರೆ ಒಳಗೆ ಕನ್ನಡಿಯಿಲ್ಲದ ಫೋಟೋ ಕ್ಯಾಮೆರಾಗಳು. ಅವುಗಳನ್ನು ಹೊಗಳುವವರಲ್ಲಿ ಹೆಚ್ಚಿನವರು ಕ್ಯಾಮೆರಾವನ್ನು ಒಂದು ಮಾರು ದೂರದಲ್ಲಿಟ್ಟುಕೊಂಡು, ಬೆಳಕು ಹೊಂದಿಸಿ, ಹತ್ತು ನಿಮಿಷ ಮಾತನಾಡಿ ಮುಗಿಸುವವರು. ಅವರ ಕೆಲಸಕ್ಕೆ ಅದು ತಕ್ಕ ಯಂತ್ರವೇ ಹೌದು. ನೀನು ಚಿತ್ರೀಕರಿಸಬೇಕೆಂದಿರುವುದು ಯಕ್ಷಗಾನ ಬಯಲಾಟ. ರಾತ್ರಿ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುವ ಆಟವನ್ನು, ಗದ್ದೆಯ ನಡುವೆ, ಜನರ ಹಿಂದೆ ನಿಂತು, ಇಬ್ಬನಿಯಲ್ಲಿ ನೆನೆಯುತ್ತ ದಾಖಲಿಸಬೇಕು. ಕ್ಯಾಮೆರಾ ಯಾವುದೆಂಬುದನ್ನು ಆ ಗದ್ದೆಯೇ ತೀರ್ಮಾನಿಸಲಿ.

ಮೊದಲು ದೂರದ ವಿಚಾರ. ಮಿರರ್‌ಲೆಸ್ ಕ್ಯಾಮೆರಾದ ಜೊತೆಗೆ ಸಾಮಾನ್ಯವಾಗಿ ಕೊಡುವ 16–50 ಮಿಲಿಮೀಟರ್‌ನಂಥ ಲೆನ್ಸ್‌ನಲ್ಲಿ ಕುರ್ಚಿಗಳ ಹಿಂದಿನಿಂದ ನೋಡಿದರೆ ರಂಗಸ್ಥಳ ಪೂರ್ತಿ ಕಾಣುತ್ತದೆ, ವೇಷಧಾರಿಯ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣಬೇಕಾದರೆ ಉದ್ದದ ಜೂಮ್ ಲೆನ್ಸ್ ಬೇಕು. ರಾತ್ರಿಯ ಬೆಳಕಿಗೆ ಆಗುವಂಥದ್ದೇ ಬೇಕೆಂದರೆ ಅದರ ಬೆಲೆ ಕ್ಯಾಮೆರಾದ ಬೆಲೆಯನ್ನೂ ದಾಟಬಹುದು. ಕ್ಯಾಮ್‌ಕಾರ್ಡರ್‌ನಲ್ಲಿ, ಅಂದರೆ ವಿಡಿಯೋಗೆಂದೇ ಮಾಡಿದ ಕ್ಯಾಮೆರಾದಲ್ಲಿ, ಹತ್ತು, ಇಪ್ಪತ್ತು ಪಟ್ಟಿನ ಜೂಮ್ ಒಳಗೇ ಇರುತ್ತದೆ. ಒಂದು ಬೆರಳಿನಲ್ಲಿ ಒತ್ತಿದರೆ ಹಾಡುವ ಭಾಗವತರ ಮುಖದಿಂದ ಇಡೀ ರಂಗದವರೆಗೆ ಎಲ್ಲೂ ಕುಲುಕದೆ ಸರಿಯುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಡಿಜಿಟಲ್ ಜೂಮ್‌ನ ಅಂಕಿಯನ್ನು ಮಾತ್ರ ನೋಡಲೇಬೇಡ. ಅದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅಷ್ಟೆ. ಆಪ್ಟಿಕಲ್, ಅಂದರೆ ಲೆನ್ಸಿನದೇ ಜೂಮ್ ಎಷ್ಟು ಎಂದು ಕೇಳು.

ಆಮೇಲೆ ಹೊತ್ತು. ಅನೇಕ ಫೋಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತಿದ್ದವು. ಅರ್ಧ ಗಂಟೆ ಅಥವಾ ಅದಕ್ಕಿಂತ ಹೆಚ್ಚು ಒಂದೇ ಸಮನೆ ದಾಖಲಿಸುವ ಯಂತ್ರಕ್ಕೆ ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾದ ಸುಂಕ ಬೀಳುತ್ತಿದ್ದದ್ದು ಅದಕ್ಕೆ ಕಾರಣ. ಹೊಸ ಮಾದರಿಗಳಲ್ಲಿ ಆ ಮಿತಿ ಬಹುಪಾಲು ಹೋಗಿದೆ. ಆದರೆ ಸಣ್ಣ ಮೈಯ ಕ್ಯಾಮೆರಾಗಳು 4ಕೆ ದಾಖಲಿಸುವಾಗ ಬಿಸಿಯೇರಿ ನಿಲ್ಲುವ ತೊಂದರೆ ಇನ್ನೂ ಇದೆ. ಕ್ಯಾಮ್‌ಕಾರ್ಡರ್ ಗಂಟೆಗಟ್ಟಲೆ ಓಡುವುದಕ್ಕೆಂದೇ ಮಾಡಿದ್ದು. ನಮ್ಮ ಸ್ಟುಡಿಯೋದಲ್ಲಿದ್ದ ಮಿನಿ ಡಿವಿ ಕ್ಯಾಮೆರಾದಲ್ಲಿ 60 ನಿಮಿಷಕ್ಕೊಮ್ಮೆ ಕ್ಯಾಸೆಟ್ ಬದಲಿಸಬೇಕಿತ್ತು. ವೇಷಗಳ ಮೊದಲ ಪ್ರವೇಶದ ಕುಣಿತವಾದ ಒಡ್ಡೋಲಗ ಆ ಹೊತ್ತಿನಲ್ಲೇ ರಂಗಕ್ಕೆ ಬಂದರೆ ಅದು ಕ್ಯಾಸೆಟ್ಟಿನಲ್ಲಿ ಇರುತ್ತಿರಲಿಲ್ಲ. ಇವತ್ತು ಆ ನಷ್ಟ ಆಗಬೇಕಾಗಿಲ್ಲ. ಎರಡು ಕಾರ್ಡ್ ಹಾಕುವ ಜಾಗ ಇದ್ದರೆ, ಒಂದು ತುಂಬಿದೊಡನೆ ಇನ್ನೊಂದಕ್ಕೆ ತಾನೇ ದಾಟುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸು.

4ಕೆ ಬೇಕೇ ಬೇಕು ಎಂದು ಬರೆದಿದ್ದೀಯ. ಲೆಕ್ಕ ಹಾಕಿ ನೋಡು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸಿದರೆ ಗಂಟೆಗೆ ಸುಮಾರು 45 ಜಿಬಿ. ಎಂಟು ಗಂಟೆಯ ಆಟಕ್ಕೆ 360 ಜಿಬಿ. ಒಂದೇ ಪ್ರತಿ ಇಟ್ಟುಕೊಂಡರೆ ಅದು ಇಟ್ಟುಕೊಂಡಂತೆಯೇ ಅಲ್ಲ, ಎರಡು ಪ್ರತಿಗೆ 720 ಜಿಬಿ. ಅದೇ ಆಟವನ್ನು ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 50 ಫ್ರೇಮ್‌ನಂತೆ, 28 ಮೆಗಾಬಿಟ್‌ನಲ್ಲಿ ತೆಗೆದರೆ ಇಡೀ ರಾತ್ರಿಗೆ 100 ಜಿಬಿ ಸಾಕು. ಮೇಳ ಊರೂರಿಗೆ ಹೋಗುವ ಒಂದು ತಿರುಗಾಟದಲ್ಲಿ ಹತ್ತಾರು ಆಟಗಳನ್ನು ದಾಖಲಿಸುವ ಆಸೆ ಇರುವವಳು ನೀನು. ಪೂರ್ತಿ ಆಟಕ್ಕೆ ಎಚ್‌ಡಿ, ವೇಷ ಕಟ್ಟುವ ಚೌಕಿಯಂಥ ಆಯ್ದ ಭಾಗಕ್ಕೆ 4ಕೆ, ಇದು ನನ್ನ ಸಲಹೆ. ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಎಂದರ್ಥ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ನಿನಗೆ ಬೇಕಾದದ್ದು ಅಷ್ಟೆ. ವಿ90 ಕಾರ್ಡಿಗೆ ದುಡ್ಡು ಸುರಿಯಬೇಡ. ಕೊಂಡ ದಿನವೇ ಕಾರ್ಡ್ ಭರ್ತಿಯಾಗುವವರೆಗೆ ಚಿತ್ರೀಕರಿಸಿ, ಕೊನೆಯ ಫೈಲ್ ತೆರೆಯುತ್ತದೆಯೇ ನೋಡು. ನಕಲಿ ಕಾರ್ಡಿನ ಬಣ್ಣ ಅಲ್ಲಿ ಬಯಲಾಗುತ್ತದೆ.

ಈಗ ಧ್ವನಿ. ಇದನ್ನು ನಿನ್ನ ಪಟ್ಟಿಯಲ್ಲಿ ಎಲ್ಲೂ ಕಾಣಲಿಲ್ಲ, ಅದಕ್ಕೇ ಹೆಚ್ಚು ಬರೆಯುತ್ತೇನೆ. ಅಪ್ಪಯ್ಯ ಕ್ಯಾಮೆರಾ ಹಿಡಿದು ಮದುವೆಮನೆಗಳಿಗೆ ಹೋಗುತ್ತಿದ್ದರು, ಎಡಿಟಿಂಗ್ ನನ್ನದಾಗಿತ್ತು. ಚಿತ್ರ ಒಂದಿಷ್ಟು ಮಸುಕಾಗಿದ್ದರೆ ಯಾರೂ ದೂರುತ್ತಿರಲಿಲ್ಲ. ಧಾರೆಯ ಹೊತ್ತಿನ ಮಂತ್ರವೋ ಸೋದರತ್ತೆಯ ಹಾಡೋ ಕೇಳಿಸದಿದ್ದರೆ ಕ್ಯಾಸೆಟ್ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಯಕ್ಷಗಾನದಲ್ಲಿ ಅರ್ಧ ಕಲೆ ಕಿವಿಗೆ ಸೇರಿದ್ದು. ಭಾಗವತರ ಪದ್ಯ, ಮದ್ದಳೆಯ ನುಡಿ, ವೇಷಧಾರಿಗಳ ಮಾತಾದ ಅರ್ಥಗಾರಿಕೆ, ಇವು ಹಾಳಾದರೆ ಉಳಿಯುವುದು ಬಣ್ಣದ ಬಟ್ಟೆಯ ಓಡಾಟ.

ಕ್ಯಾಮೆರಾ ಧ್ವನಿಯ ಮಟ್ಟವನ್ನು ತಾನಾಗಿ ಹೊಂದಿಸುವಂತಿದ್ದರೆ ಏನಾಗುತ್ತದೆ ಗೊತ್ತೆ? ಏರುಪದ್ಯಕ್ಕೆ ಚಂಡೆ ಬಿದ್ದೊಡನೆ ಅದು ಗಾಬರಿಯಾಗಿ ಎಲ್ಲವನ್ನೂ ತಗ್ಗಿಸಿಬಿಡುತ್ತದೆ, ಭಾಗವತರ ಕಂಠವೂ ಅದರೊಂದಿಗೆ ಮುಳುಗುತ್ತದೆ. ಚಂಡೆ ನಿಂತು ವೇಷಧಾರಿ ಮಾತು ಶುರುಮಾಡಿದಾಗ ಮತ್ತೆ ಏರಿಸುತ್ತ ಹೋಗುತ್ತದೆ. ಮಾತಿನ ಹಿಂದೆ ‘ಸುಯ್’ ಎನ್ನುವ ಸದ್ದು, ಜನರೇಟರಿನ ಗುರುಗುಡುವಿಕೆ ಎಲ್ಲ ಮೇಲೆದ್ದು ಬರುತ್ತವೆ. ಎಡಿಟಿಂಗ್ ಮೇಜಿನಲ್ಲಿ ಇದಕ್ಕೆ ಮದ್ದಿಲ್ಲ. ಆದ್ದರಿಂದ ಕೊಳ್ಳುವ ಕ್ಯಾಮೆರಾದಲ್ಲಿ ಮೂರು ಸಂಗತಿ ಇರಲೇಬೇಕು: ಹೊರಗಿನ ಮೈಕ್ ಸಿಕ್ಕಿಸುವ ಜಾಗ, ಹೆಡ್‌ಫೋನ್ ಸಿಕ್ಕಿಸುವ ಜಾಗ, ಧ್ವನಿಯನ್ನು ಕೈಯಿಂದ ಹೊಂದಿಸುವ ಸೌಲಭ್ಯ. ನಿನ್ನ ಪಟ್ಟಿಯಲ್ಲಿರುವ ಕ್ಯಾನನ್ ಆರ್50ರಲ್ಲಿ ಹೆಡ್‌ಫೋನ್ ಜಾಗವೇ ಇಲ್ಲ. ಕೇಳಿಸಿಕೊಳ್ಳದೆ ರಾತ್ರಿಯಿಡೀ ದಾಖಲಿಸುವುದು ನನಗಂತೂ ಒಪ್ಪಿಗೆಯಾಗದ ಮಾತು. ಚಂಡೆಯ ಅತಿ ಜೋರಿನ ಪೆಟ್ಟು ಕ್ಯಾಮೆರಾದ ಧ್ವನಿಮಾಪಕದಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮೊದಲೇ ಹೊಂದಿಸಿ ಕೈ ತೆಗೆ. ಧ್ವನಿವರ್ಧಕದವರ ಮಿಕ್ಸರ್‌ನಿಂದ ತಂತಿ ಎಳೆದುಕೊಳ್ಳುವುದಾದರೆ ನೇರವಾಗಿ ಮೈಕ್ ತೂತಿಗೆ ಸಿಕ್ಕಿಸಬೇಡ. ಅಲ್ಲಿಂದ ಬರುವ ಲೈನ್ ಮಟ್ಟದ ಸಿಗ್ನಲ್ ಮೈಕಿನ ಸಿಗ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದು, ಧ್ವನಿ ಒಡೆದುಹೋಗುತ್ತದೆ. ಅದನ್ನು ತಗ್ಗಿಸುವ ಕೇಬಲ್ ಬೇಕು, ಅಥವಾ ಬೇರೆಯೇ ಒಂದು ಸಣ್ಣ ಆಡಿಯೋ ರೆಕಾರ್ಡರ್. ರೆಕಾರ್ಡರ್ ಆದರೆ ಶುರುವಿನಲ್ಲಿ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟು, ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸುವುದು ಸುಲಭ.

ಹೀಗಾಗಿ ನಿನ್ನ 80 ಸಾವಿರದಲ್ಲಿ ಕ್ಯಾಮೆರಾಕ್ಕೆ 50 ಸಾವಿರದ ಮೇಲೆ ಹೋಗಬೇಡ. ಉಳಿದದ್ದು ಮೈಕು, ರೆಕಾರ್ಡರು, ಕಿವಿ ಮುಚ್ಚುವ ಹೆಡ್‌ಫೋನು, ಗಟ್ಟಿಮುಟ್ಟಾದ ಟ್ರೈಪಾಡು, ಎರಡು ಹೆಚ್ಚಿನ ಬ್ಯಾಟರಿ, ಹಾರ್ಡ್ ಡಿಸ್ಕ್‌ಗಳಿಗೆ. ಆ ಹಣಕ್ಕೆ ಕಡಿಮೆ ಬೆಳಕಿಗೆ ಒದಗುವ ಒಂದು ಇಂಚಿನ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್‌ನ) ಹೊಸ ಕ್ಯಾಮ್‌ಕಾರ್ಡರ್ ಬರುವುದಿಲ್ಲ. ಆದರೆ ಮದುವೆಯ ಸ್ಟುಡಿಯೋಗಳಲ್ಲಿ ಬಹಳಷ್ಟು ಮಿರರ್‌ಲೆಸ್‌ಗೆ ದಾಟಿವೆ, ಅವರ ಕ್ಯಾಮ್‌ಕಾರ್ಡರ್‌ಗಳು ಕಪಾಟಿನಲ್ಲಿ ಕುಳಿತಿವೆ. ಹಳೆಯದನ್ನು ಕೊಳ್ಳಲು ನಾಚಬೇಕಾಗಿಲ್ಲ, ನೋಡಿ ಕೊಳ್ಳಬೇಕು. ನೋಡುವುದು ಹೀಗೆ:

ಲೆನ್ಸಿನ ಮುಚ್ಚಳ ಹಾಕಿ ಒಂದು ನಿಮಿಷ ದಾಖಲಿಸು. ಅದನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಕತ್ತಲೆಯಲ್ಲಿ ಒಂದೇ ಕಡೆ ಬಿಳಿಯದೋ ಕೆಂಪಿನದೋ ಚುಕ್ಕೆ ನಿಂತಿದ್ದರೆ ಸೆನ್ಸರ್‌ನಲ್ಲಿ ದೋಷವಿದೆ. ಮುಚ್ಚಳ ತೆಗೆದು, ಲೆನ್ಸಿಗೆ ಓರೆಯಾಗಿ ಮೊಬೈಲ್ ಟಾರ್ಚ್ ಹಿಡಿ. ಗಾಜಿನ ಒಳಗೆ ಜೇಡರ ಬಲೆಯಂತೆ ಎಳೆಗಳು ಹರಡಿದ್ದರೆ ಅದು ಬೂಸ್ಟು. ಕರಾವಳಿಯ ಕ್ಯಾಮೆರಾಗಳಲ್ಲಿ ಇದು ಬಲು ಸಾಮಾನ್ಯ. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಅದನ್ನು ತರಬೇಡ. ಜೂಮನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಸದ್ದು ಆಲಿಸು. ಮೈಕಿನ ತಂತಿ ಸಿಕ್ಕಿಸಿ ಬೆರಳಿನಿಂದ ಅಲುಗಿಸು, ಗರಗರ ಎಂದರೆ ಸಂಪರ್ಕ ಸಡಿಲ. ಬ್ಯಾಟರಿಯ ಹೊಟ್ಟೆ ಉಬ್ಬಿದೆಯೇ ಎಂದು ಮೇಜಿನ ಮೇಲಿಟ್ಟು ನೋಡು. ಕೊನೆಗೆ ಅಂಗಡಿಯವರ ಅನುಮತಿ ಕೇಳಿ ಒಂದು ಗಂಟೆ ನಿಲ್ಲಿಸದೆ ಓಡಿಸು. ಒಪ್ಪದಿದ್ದರೆ ಮುಂದಿನ ಅಂಗಡಿ.

ಹೊಸದನ್ನೇ ಕೊಳ್ಳುವುದಾದರೆ ‘ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇನೆ’ ಎನ್ನುವವರ ಕಡೆ ತಿರುಗಬೇಡ. ವಿಡಿಯೋ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18 ಶೇಕಡಕ್ಕೆ ಇಳಿಯಿತು. ಅದನ್ನು ಉಳಿಸಹೋದರೆ ವಾರಂಟಿ ಹೋಗುತ್ತದೆ. ಆಮದು ಮಾಡಿದ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕೆಂಬುದು ಕಾನೂನು. ಅವು ಇಲ್ಲದಿದ್ದರೆ ಅಡ್ಡದಾರಿಯಲ್ಲಿ ಬಂದ ಮಾಲಾಗಿರಬಹುದು. ಕ್ರಮಸಂಖ್ಯೆ ಪೆಟ್ಟಿಗೆಯಲ್ಲಿ, ಕ್ಯಾಮೆರಾದ ಮೈಯಲ್ಲಿ, ಬಿಲ್ಲಿನಲ್ಲಿ ಒಂದೇ ಆಗಿರಲಿ. ವ್ಯಾಪಾರ ಕೆಟ್ಟರೆ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ದೂರಿಗೂ ಬಿಲ್ ಬೇಕು.

ಇನ್ನೊಂದು ವಿಷಯ. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕ್ಯಾಮೆರಾವನ್ನು 50 ಹರ್ಟ್ಸ್‌ಗೆ ಹೊಂದುವ ಪಾಲ್ (PAL) ಪದ್ಧತಿಗೆ, ಶಟರನ್ನು ಸೆಕೆಂಡಿನ 1/50ಕ್ಕೆ ಇಡು. ಇಲ್ಲವಾದರೆ ಚಿತ್ರದಲ್ಲಿ ಪಟ್ಟೆಗಳು ಹರಿಯುತ್ತವೆ. ಕೆಲವು ಎಲ್‌ಇಡಿ ದೀಪಗಳು ಇದಕ್ಕೂ ಬಗ್ಗುವುದಿಲ್ಲ, ಆಗ ಶಟರನ್ನು ಆಚೀಚೆ ಮಾಡಿ ನೋಡಬೇಕು.

ಇಷ್ಟೆಲ್ಲ ಬರೆದ ಮೇಲೂ ನನ್ನ ಮಾತನ್ನೇ ನಂಬಿ ದುಡ್ಡು ಕೊಡಬೇಡ. ಬೆಂಗಳೂರಿನಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಒಂದು ಕ್ಯಾಮ್‌ಕಾರ್ಡರ್, ನಿನ್ನ ಪಟ್ಟಿಯ ಒಂದು ಮಿರರ್‌ಲೆಸ್, ಎರಡನ್ನೂ ತೆಗೆದುಕೊಂಡು ಬಾ. ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಡುತ್ತವೆ. ಅದಕ್ಕೂ ಮೊದಲು ವೇಷವಿಲ್ಲದೆ ಒಳಗೆ ಕುಳಿತು ಆಡುವ ಮಳೆಗಾಲದ ತಾಳಮದ್ದಳೆಯಲ್ಲೇ ಪರೀಕ್ಷೆಯಾಗಲಿ, ಅಲ್ಲಿ ನೆನೆಯುವ ಭಯವಿಲ್ಲ. ಕಲಾವಿದರ ಪ್ರದರ್ಶನಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ, ಆದ್ದರಿಂದ ಭಾಗವತರನ್ನೂ ಸಂಘಟಕರನ್ನೂ ಮುಂಚಿತವಾಗಿ ಕೇಳಿಯೇ ಟ್ರೈಪಾಡ್ ನಿಲ್ಲಿಸು. ನಮ್ಮ ಕಡೆಯ ಸಂಘಟಕರ ಹತ್ತಿರ ನಾನು ಮಾತನಾಡಿಡುತ್ತೇನೆ. ಬಾಡಿಗೆಯ ದರ ಎಷ್ಟೆಂದು ಈ ವಾರ ವಿಚಾರಿಸಿ ತಿಳಿಸು. ಕುಂದಾಪುರದ ಸ್ಟುಡಿಯೋಗಳಲ್ಲಿ ಮಾರುವ ಕ್ಯಾಮ್‌ಕಾರ್ಡರ್ ಯಾರ ಬಳಿ ಇದೆಯೆಂದು ಅಪ್ಪಯ್ಯ ಈಗಾಗಲೇ ಕೇಳಲು ಶುರುಮಾಡಿದ್ದಾರೆ.

ಇತಿ,
ನಿನ್ನ ಅಮ್ಮ